ಮಸಿಬಟ್ಟೆಯ ಮೇಲಿನ ಬ್ಯಾತಾಳ

ಕಳೆದ ವಾರ ಅಂಗಡಿಗೆ ಬೀಗ ಹಾಕಿ ಮನೆಗೆ ಬಂದಾಗ ಹೆಂಡತಿ ಒಲೆಯ ಮೇಲಿಂದ ಅನ್ನದ ಪಾತ್ರೆ ಇಳಿಸುತ್ತಿದ್ದಳು. ಅವಳು ಹಿಡಿದಿದ್ದ ಮಸಿಬಟ್ಟೆಯ ಮಡಿಕೆಯೊಳಗಿಂದ ಒಂದು ಕಣ್ಣು ನನ್ನನ್ನು ನೋಡಿತು. ನೋಡಿದ್ದಷ್ಟೇ ಅಲ್ಲ, ಗುರುತು ಹಿಡಿಯಿತು. ನಾನೂ ಹಿಡಿದೆ. ಎಲುಬಿಗೆ ಅಂಟಿದ ಚರ್ಮ, ಕಿವಿಯವರೆಗೆ ಕಿಸಿದ ಹಲ್ಲು, ಕೆದರಿದ ಕೂದಲು. ಇಂಗ್ಲಿಷ್ ರಾಕ್ ತಂಡ ಐರನ್ ಮೇಡನ್ನಿನ ಲಾಂಛನ, ಎಡ್ಡಿ! 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದ ಹೊರಗೆ ಫುಟ್‌ಪಾತಿನಲ್ಲಿ ಚೌಕಾಸಿ ಮಾಡಿ ಕೊಂಡು, ಎದೆಯ ಮೇಲೆ ಹೊತ್ತು ನಮ್ಮೂರು ಬಾದನಹಟ್ಟಿಯವರೆಗೆ ತಂದವನು ಈಗ ಮೂತಿಯ ಮೇಲೆ ಗಂಜಿ ಸುರಿಸಿಕೊಂಡು ನಿಂತಿದ್ದ.

"ಇದು ಯಾಕೆ ಇಲ್ಲಿ ಬಂತು?" ಅಂದೆ.

"ಟ್ರಂಕಿನ ತಳದಾಗಿತ್ತು. ಹತ್ತಿಬಟ್ಟಿ, ಬಿಸಿ ಚಲೋ ತಡೀತತಿ. ನೀವಂತೂ ಹಾಕ್ಕಳಲ್ಲ" ಅಂದಳು.

ಹಾಕಿಕೊಳ್ಳುವುದಿಲ್ಲ ಎಂದರೆ ಏನರ್ಥ ಎಂದು ಕಸಿದುಕೊಂಡು, ಕೋಣೆಯ ಬಾಗಿಲು ಹಾಕಿ ಪ್ರಯತ್ನಿಸಿದೆ. ತಲೆ ತೂರಿತು, ತೋಳು ತೂರಿದವು. ಹೊಟ್ಟೆಯ ಹತ್ತಿರ ಬಂದಾಗ ಮಾತುಕತೆ ಮುರಿದುಬಿತ್ತು. ಕನ್ನಡಿಯಲ್ಲಿ ಎಡ್ಡಿ ಮುಖ ಅಗಲಕ್ಕೆ ಎಳೆದುಕೊಂಡು, ರಾಕ್ಷಸ ಹೋಗಿ ಮದುವೆ ಮನೆಯಲ್ಲಿ ಎರಡನೇ ಪಂಕ್ತಿಯ ಊಟ ಮುಗಿಸಿದ ಬೀಗರ ಹಾಗೆ ಕಾಣುತ್ತಿದ್ದ. ಬಿಚ್ಚಿ ಮಡಚಿ ದಿಂಬಿನ ಕೆಳಗಿಟ್ಟೆ. ಅವತ್ತು ರಾತ್ರಿ ಮಾತಾಡಲಿಲ್ಲ. ಗೊಬ್ಬರದ ಅಂಗಡಿ ಇಟ್ಟುಕೊಂಡಿರುವ, ಯೂರಿಯಾ ಬಂತೇ ಎಂದು ಕೇಳುವವರಿಗೆ ದಿನಕ್ಕೆ ನೂರು ಸಲ ಉತ್ತರ ಹೇಳುವ ಮನುಷ್ಯನೊಬ್ಬ ಒಂದು ಹಳೇ ಅಂಗಿಗೆ ಮುನಿಸಿಕೊಳ್ಳುವುದು ಹೊರಗಿನವರಿಗೆ ತಿಳಿದರೆ ಉದ್ರಿ ಕೂಡ ವಸೂಲಾಗುವುದಿಲ್ಲ.

ಆದರೆ ಆ ಅಂಗಿಗೆ ನಾನು ಕೊಟ್ಟ ಬೆಲೆ ಫುಟ್‌ಪಾತಿನವನಿಗೆ ಕೊಟ್ಟದ್ದಕ್ಕಿಂತ ಹೆಚ್ಚಿನದು. ಅದನ್ನು ಹೇಳಬೇಕಾದರೆ ಒಂದು ಕ್ಯಾಸೆಟ್ಟಿನಿಂದ ಶುರು ಮಾಡಬೇಕು, ಕ್ಯಾಸೆಟ್ಟಿಗೆ ಮೊದಲು ದೊಡ್ಡಪ್ಪನಿಂದ.

ನಮ್ಮ ದೊಡ್ಡಪ್ಪ ಜೀವನದಲ್ಲಿ ಒಮ್ಮೆಯೂ ಬಣ್ಣ ಹಚ್ಚಿದವನಲ್ಲ. ಆದರೆ ಕಂದಗಲ್ ಹನುಮಂತರಾಯರ 'ರಕ್ತರಾತ್ರಿ' ನಾಟಕ ಕುರುಗೋಡು, ಸಿರುಗುಪ್ಪದ ಕಡೆ ಎಲ್ಲಿ ನಡೆದರೂ ಮೊದಲ ಸಾಲಿನಲ್ಲಿ ಟವೆಲ್ಲು ಹಾಸಿ ಜಾಗ ಹಿಡಿಯುತ್ತಿದ್ದ. ಬಳ್ಳಾರಿ ರಾಘವರ ಜಿಲ್ಲೆಯವರು ನಾವು, ನಾಟಕದ ಹುಚ್ಚು ಊರೂರಿಗೆ ಹಂಚಿಕೆಯಾಗಿದೆ. ಸುಭದ್ರಮ್ಮ ಮನ್ಸೂರರ ದ್ರೌಪದಿಯನ್ನು ಅವನು ಎಷ್ಟು ಸಲ ನೋಡಿದ್ದನೋ ಲೆಕ್ಕವಿಲ್ಲ. ಆಕೆಯ ಮಾತು ಬಂದರೆ ಕೂತಲ್ಲೇ ಸ್ವಲ್ಪ ನೆಟ್ಟಗಾಗುತ್ತಿದ್ದ. ಮನೆಯಲ್ಲಿ ಬೆಳೆಯ ಮಾತು, ಸಾಲದ ಮಾತು ನಡೆಯುವಾಗ ತೂಕಡಿಸುತ್ತಿದ್ದವನು ಹಾರ್ಮೋನಿಯಂ ಕೇಳಿದರೆ ಬೆಳಗಿನವರೆಗೆ ರೆಪ್ಪೆ ಬಡಿಯುತ್ತಿರಲಿಲ್ಲ.

ನಮ್ಮೂರ ಹುಡುಗರೂ ಯುಗಾದಿಗೆ ರಕ್ತರಾತ್ರಿ ಆಡುತ್ತಿದ್ದರು. ಅಶ್ವತ್ಥಾಮನ ಪಾತ್ರದವನೂ ಶಕುನಿಯ ಪಾತ್ರದವನೂ ವರಸೆಯಲ್ಲಿ ಅಣ್ಣತಮ್ಮಂದಿರು. ಒಂದು ವರ್ಷ ಅಶ್ವತ್ಥಾಮ ಎದೆ ಬಿರಿಯುವಂತೆ ಹಾಡುತ್ತಿದ್ದಾನೆ, ಸೇಡಿನ ರಾತ್ರಿ ಇನ್ನೇನು ಇಳಿಯಬೇಕು, ಅಷ್ಟರಲ್ಲಿ ಮೈಕಿನವನು ಹಾಡು ತಡೆದು, ಇಂಥವರಿಂದ ಶಕುನಿ ಪಾತ್ರಧಾರಿಗೆ ಐವತ್ತೊಂದು ರೂಪಾಯಿ ಆಹೇರಿ, ಇಂಥವರಿಂದ ಒಂದು ಟವೆಲ್ಲು ಎಂದು ಕೂಗಿಬಿಟ್ಟ. ಅಶ್ವತ್ಥಾಮ ಕಿರೀಟ ತೆಗೆದು ಹಾರ್ಮೋನಿಯಂ ಮೇಲಿಟ್ಟು, ಮೆಟ್ಟಿಲಿಳಿದು, ಬಣ್ಣದ ಮುಖದಲ್ಲೇ ಮನೆಗೆ ಹೋಗಿ ಮಲಗಿದ. ಆ ರಾತ್ರಿ ಉಪಪಾಂಡವರು ಬದುಕಿಕೊಂಡರು. ಮರುವರ್ಷದಿಂದ ಅವನು ಪಕ್ಕದೂರಿನವರ ನಾಟಕದಲ್ಲಿ ಅಶ್ವತ್ಥಾಮನಾದ. ನಮ್ಮೂರಿಗೆ ಹೊಸಬನೊಬ್ಬ ಬಂದ. ಒಳ್ಳೆಯ ಹುಡುಗ, ಮಾತು ಒಂದೂ ತಪ್ಪುತ್ತಿರಲಿಲ್ಲ. ಆದರೆ ಜನ ಅವನು ಹಾಡುವಾಗ ಬೀಡಿ ಹಚ್ಚಲು ಎದ್ದುಹೋಗುತ್ತಿದ್ದರು.

ಹಳೇ ಅಶ್ವತ್ಥಾಮ ಮರಳಿ ಬಂದದ್ದು ನಾನು ಐದನೇ ಕ್ಲಾಸಿನಲ್ಲಿದ್ದಾಗ. ಯಾರು ಯಾರ ಕಾಲು ಹಿಡಿದರೋ ಗೊತ್ತಿಲ್ಲ. ಹೊಸಬನನ್ನೂ ಬಿಡುವಂತಿರಲಿಲ್ಲ, ಅವನ ಮಾವ ಸೀನರಿಯ ಬಾಡಿಗೆ ಕೊಡುತ್ತಿದ್ದ. ಅದಕ್ಕೇ ನಡುರಾತ್ರಿಯವರೆಗೆ ಹೊಸ ಅಶ್ವತ್ಥಾಮ, ಅಲ್ಲಿಂದ ಬೆಳಗಿನವರೆಗೆ ಹಳೇ ಅಶ್ವತ್ಥಾಮ ಎಂದಾಯಿತು. ಆ ರಾತ್ರಿ ದೊಡ್ಡಪ್ಪ ಬಳ್ಳಾರಿಯಿಂದ ಖಾಲಿ ಕ್ಯಾಸೆಟ್ಟು ತರಿಸಿ, ಟೇಪ್ ರೆಕಾರ್ಡರನ್ನು ಮೈಕ್ ಸೆಟ್ಟಿನವನ ಪಕ್ಕದಲ್ಲಿಟ್ಟು, ಒಂದು ಗಂಟೆಯ ಆಟ ಹಿಡಿದುಕೊಂಡ. ಆಮೇಲೆ ಯಾರೋ ತಿಳಿದವರು ಹೇಳಿದರೆಂದು ಕ್ಯಾಸೆಟ್ಟಿನ ಬೆನ್ನಿನ ಎರಡು ಪ್ಲಾಸ್ಟಿಕ್ ಕಿವಿಗಳನ್ನು ಚಾಕುವಿನಿಂದ ಮುರಿದ. ಅದನ್ನು ಮುರಿದರೆ ಇನ್ನು ಬ್ರಹ್ಮ ಬಂದರೂ ಅದರ ಮೇಲೆ ಬೇರೆ ರೆಕಾರ್ಡ್ ಆಗುವುದಿಲ್ಲ.

ಬ್ರಹ್ಮನಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು. ಮುರಿದ ಕಿವಿಯ ತೂತಿಗೆ ಕಾಗದದ ಉಂಡೆ ತುರುಕಿದರೆ ಆಗುತ್ತದೆ.

ನಾನಾಗ ಬಳ್ಳಾರಿಯಲ್ಲಿ ಪಿಯುಸಿ ಓದುತ್ತಿದ್ದೆ. ಹಾಸ್ಟೆಲಿನಲ್ಲಿ ಬೆಂಗಳೂರಿನ ಕಡೆಯ ಹುಡುಗನೊಬ್ಬನ ಹತ್ತಿರ ಐರನ್ ಮೇಡನ್ ಹಾಡುಗಳಿದ್ದವು. ಮೊದಲ ಸಲ ಕೇಳಿದಾಗ ಇಂಗ್ಲಿಷು ನೂರಕ್ಕೆ ಐದು ಅರ್ಥವಾಯಿತು, ಉಳಿದ ತೊಂಬತ್ತೈದು ಅರ್ಥವಾಗಬೇಕಾದ ಅಗತ್ಯವಿಲ್ಲ ಎಂಬುದೂ ಅರ್ಥವಾಯಿತು. ತಂಡದ ಹಾಡುಗಾರ ಬ್ರೂಸ್ ಡಿಕಿನ್‌ಸನ್ ದನಿ ಏರುವಾಗ ನನಗೆ ನೆನಪಾದದ್ದು ಲಂಡನ್ ಅಲ್ಲ, ನಡುರಾತ್ರಿ ಎರಡು ಗಂಟೆಗೆ ಅಟ್ಟದ ಮೇಲೆ ಗದೆ ಕುಟ್ಟುತ್ತ ಬರುವ ನಮ್ಮವರು. ಆ ಹಾಡುಗಳು ನನ್ನವಾಗಬೇಕಿತ್ತು. ಖಾಲಿ ಕ್ಯಾಸೆಟ್ಟಿಗೆ ದುಡ್ಡಿರಲಿಲ್ಲ. ಊರಿಗೆ ಹೋದಾಗ ಗೂಡಿನಲ್ಲಿ ಅರಿಸಿನ ಕುಂಕುಮ ಹಚ್ಚಿಸಿಕೊಂಡು ಒಂದು ಕ್ಯಾಸೆಟ್ಟು ಕೂತಿತ್ತು. ಯಾರೂ ಕೇಳುತ್ತಿಲ್ಲವಲ್ಲ ಎಂದುಕೊಂಡೆ. ಹೆಂಡತಿ ಟ್ರಂಕಿನ ತಳದ ಅಂಗಿಯ ಬಗ್ಗೆ ಅಂದುಕೊಂಡ ಹಾಗೆಯೇ.

ಎರಡೂ ಮಗ್ಗುಲು ತುಂಬಿತು. ಕೊನೆಯ ಹಾಡು 'ಫಿಯರ್ ಆಫ್ ದಿ ಡಾರ್ಕ್', ಏಳು ನಿಮಿಷದ್ದು. ಅದು ಮುಗಿದ ಮೇಲೆ ಟೇಪು ಇನ್ನೂ ಎರಡು ನಿಮಿಷದಷ್ಟು ಉಳಿದಿತ್ತು. ಅಲ್ಲಿ ಮಾತ್ರ ಹಳೆಯದು ಹಾಗೇ ಇತ್ತು. ಗಿಟಾರು ನಿಂತ ತಕ್ಷಣ ಒಂದು 'ಕಟ್', ಹಾರ್ಮೋನಿಯಂ ಎಳೆತ, ಯಾರೋ ಕೆಮ್ಮಿದ್ದು, ಒಂದು ಕೂಸು ಅತ್ತದ್ದು, ಆಮೇಲೆ ಶಕುನಿಯ ನಗು. ಹೊಟ್ಟೆಯಿಂದ ಹೊರಟು, ಗಂಟಲಲ್ಲಿ ಸುತ್ತು ಹಾಕಿ, ಮೂಗಿನಲ್ಲಿ ಮುಗಿಯುವ ನಗು. ಅದರ ನಡುವೆಯೇ ಟೇಪು ಮುಗಿಯುತ್ತಿತ್ತು.

ದೊಡ್ಡಪ್ಪನಿಗೆ ಗೊತ್ತಾದದ್ದು ಆ ಯುಗಾದಿಗೆ. ಹೂ ಏರಿಸಿ, ಗುಂಡಿ ಒತ್ತಿ, ಕಣ್ಣು ಮುಚ್ಚಿ ಕೂತ. ನಾನು ಬಾಗಿಲ ಹಿಂದೆ. ಡ್ರಮ್ಮು ಸಿಡಿಯಿತು. ದೊಡ್ಡಪ್ಪ ಕಣ್ಣು ತೆರೆದ. ಒಂದು ಮಗ್ಗುಲು ಪೂರ್ತಿ ಕೇಳಿದ, ತಿರುಗಿಸಿ ಹಾಕಿ ಅದನ್ನೂ ಪೂರ್ತಿ ಕೇಳಿದ, ಎಲ್ಲಾದರೂ ಒಂದು ಮಾತು ಉಳಿದಿರಬಹುದೆಂದು. ಕೊನೆಗೆ ಶಕುನಿ ನಕ್ಕ. ಬೈಯುತ್ತಾನೆಂದು ಕಾದೆ. "ಯಾರಲೇ ಇವನು? ನಮ್ಮ ಅಶ್ವತ್ಥಾಮನಕ್ಕಿಂತ ಜೋರು ಒದರ್ತಾನ" ಅಂದ, ಅಷ್ಟೆ. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ.

ಅಲ್ಲಿಂದಾಚೆ ಅವನಿಗೊಂದು ಅಭ್ಯಾಸವಾಯಿತು. ಫಾರ್ವರ್ಡ್ ಗುಂಡಿ ಅವನಿಗೆ ಒಗ್ಗುತ್ತಿರಲಿಲ್ಲ, ಟೇಪು ಸಿಕ್ಕಿಕೊಳ್ಳುತ್ತದೆಂಬ ಭಯ. ಆ ಎರಡು ನಿಮಿಷಕ್ಕಾಗಿ ಇಡೀ ಮಗ್ಗುಲು ಕೇಳುತ್ತಿದ್ದ. ಎಲೆ ಅಡಿಕೆ ಹಾಕಿಕೊಂಡು, ಅರ್ಧ ಗಂಟೆ ಇಂಗ್ಲಿಷ್ ಗದ್ದಲವನ್ನು ಮಳೆ ನಿಲ್ಲಲಿ ಎಂದು ಕಾಯುವವನಂತೆ ದಾಟಿ, ಶಕುನಿಯ ನಗು ಮುಟ್ಟುತ್ತಿದ್ದ. ಹೀಗೆ ವರ್ಷಗಟ್ಟಲೆ ಕೇಳಿ ಕೇಳಿ ಬಾಯಿಪಾಠವಾಗಿ, ಒಂದು ಸಲ ಮೆಣಸಿನಕಾಯಿ ಕಣದಲ್ಲಿ 'ಫಿಯರ್ ಆಫ್ ದಿ ಡಾರ್ಕ್'ನ ಗಿಟಾರಿನ ರಾಗವನ್ನು ತತ್ವಪದದ ಧಾಟಿಯಲ್ಲಿ ಗುನುಗುತ್ತಿದ್ದ. ನಾನು ಘಾಟಿಗೆ ಕಣ್ಣಲ್ಲಿ ನೀರು ಬಂತೆಂದು ಹೇಳಿಕೊಂಡೆ.

ಸುದ್ದಿಗಳ ವಿಷಯದಲ್ಲಿ ನಾವು ಕಾಲುವೆಯ ಕೊನೇ ಭಾಗದ ರೈತರು. ತುಂಗಭದ್ರಾ ಕಾಲುವೆಗೆ ನೀರು ಬಿಟ್ಟರೆಂದು ಪೇಪರಿನಲ್ಲಿ ಬರುತ್ತದೆ, ಮೇಲ್ಭಾಗದವರು ನಾಟಿ ಮುಗಿಸಿ ನಿದ್ದೆ ಮಾಡುತ್ತಿರುತ್ತಾರೆ, ನಮ್ಮ ತೂಬಿನಲ್ಲಿ ಇನ್ನೂ ಕಪ್ಪೆ ಕೂತಿರುತ್ತದೆ. ಬಳ್ಳಾರಿಯ ರದ್ದಿ ಅಂಗಡಿಯಲ್ಲಿ ತೂಕಕ್ಕೆ ಕೊಂಡ ಹಳೇ ಇಂಗ್ಲಿಷ್ ಪತ್ರಿಕೆಯೊಂದರಿಂದ ನನಗೆ ಬರಸಿಡಿಲಿನಂಥ ಸುದ್ದಿ ಬಂತು: ಬ್ರೂಸ್ ಡಿಕಿನ್‌ಸನ್ ತಂಡ ಬಿಟ್ಟ. ಗಿಟಾರಿನ ಏಡ್ರಿಯನ್ ಸ್ಮಿತ್ ಅವನಿಗೂ ಮೂರು ವರ್ಷ ಮೊದಲೇ, 1990ರಲ್ಲೇ ಬಿಟ್ಟಿದ್ದ. ಊಟ ಸೇರಲಿಲ್ಲ. ಪತ್ರಿಕೆಯ ತಾರೀಖು 1993. ನಾನು ಓದಿದ್ದು 2000ದಲ್ಲಿ. ಏಳು ವರ್ಷ ಹಳೆಯ ಸೂತಕವನ್ನು ನಾನು ಹೊಚ್ಚಹೊಸದಾಗಿ ಆಚರಿಸಿದೆ. ದೊಡ್ಡಪ್ಪನ ಮುಂದೆ ಹೇಳಿಕೊಂಡೆ, ಬೇರೆ ಯಾರ ಮುಂದೆ ಹೇಳಲಿ?

"ಹೊಸಬನ್ನ ತಂದಾರೇನು?"

"ತಂದಾರ. ಬ್ಲೇಜ್ ಬೇಯ್ಲಿ ಅಂತ."

"ಪಾಪ" ಅಂದ ದೊಡ್ಡಪ್ಪ, ಹೊಸಬನ ಬಗ್ಗೆ. "ಆ ಹುಡುಗ ಹಾಡುವಾಗ ಮಂದಿ ಬೀಡಿ ಸೇದಾಕ ಎದ್ದಿರ್ತಾರ. ಇವನು ಬರ್ತಾನ ಬಿಡಲೇ. ಒಮ್ಮೆ ಬಣ್ಣ ಹಚ್ಚಿದ ಮುಖ ಎಲ್ಲಿಗೆ ಹೊಕ್ಕತಿ?"

ಬಳ್ಳಾರಿಯಲ್ಲಿ ಸೈಬರ್ ಕೆಫೆಗಳು ಬಂದ ಮೇಲೆ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ನೋಡಿದರೆ, ಬ್ರೂಸೂ ಏಡ್ರಿಯನ್ನೂ 1999ರಲ್ಲೇ ಮರಳಿ ಬಂದಾಗಿತ್ತು. 2000ದಲ್ಲಿ 'ಬ್ರೇವ್ ನ್ಯೂ ವರ್ಲ್ಡ್' ಎಂಬ ಹೊಸ ಆಲ್ಬಮ್ಮೂ ಆಗಿತ್ತು. ಅಂದರೆ ನಾನು ಅತ್ತದ್ದಷ್ಟೂ ಅವರು ಒಂದಾದ ಮೇಲೆ! ಅವರು ಅಲ್ಲಿ ಕೂಡಿ ಹಾಡುತ್ತಿದ್ದಾರೆ, ಇಲ್ಲಿ ನಾನು ಹಾಸ್ಟೆಲಿನ ತಾರಸಿಯ ಮೇಲೆ ಉಪವಾಸ. ನಾಚಿಕೆಗಿಂತ ಸಿಟ್ಟು ಬಂತು. ಯಾರ ಮೇಲೆ ಎಂಬುದು ಇವತ್ತಿಗೂ ತೀರ್ಮಾನವಾಗಿಲ್ಲ.

ದೊಡ್ಡಪ್ಪ ಸಂತೋಷಪಟ್ಟ. ಆದರೆ ಅವನಿಗೆ ಮುಖ್ಯವಾದದ್ದು ಬೇರೆ. "ನಡುವಿನಾಗ ಇದ್ದ ಗಿಟಾರಿನವನ್ನ ಏನ್ಮಾಡಿದರು?" ತೆಗೆಯಲಿಲ್ಲ ಅಂದೆ. ಡೇವ್ ಮರ್ರೆ ಮೊದಲಿನಿಂದ ಇದ್ದವನು, ಏಡ್ರಿಯನ್ ಮರಳಿ ಬಂದವನು, ನಡುವೆ ಸೇರಿದ ಜಾನಿಕ್ ಗರ್ಸ್ ಉಳಿದವನು. ಅಂದಿನಿಂದ ಮೂವರು ಗಿಟಾರಿನವರು. ದೊಡ್ಡಪ್ಪ ಬಹಳ ಹೊತ್ತು ತಲೆದೂಗಿದ. "ಅರ್ಧ ರಾತ್ರಿ ನೀನು, ಅರ್ಧ ರಾತ್ರಿ ಅವನು ಅನ್ನಲಿಲ್ಲ ನೋಡು. ಮೂರೂ ಮಂದೀನ ಒಟ್ಟಿಗೇ ನಿಂದ್ರಿಸಿದರು. ಮನಸ್ತರು" ಅಂದ. ಹಾಡುವ ಬೇಯ್ಲಿಯನ್ನು ಮಾತ್ರ ಕಳಿಸಿದರು ಎಂಬುದನ್ನು ನಾನು ಹೇಳಲಿಲ್ಲ.

ಈ ಒಂದಾದ ತಂಡವೇ ಬೆಂಗಳೂರಿಗೆ ಬರುತ್ತದೆ ಎಂಬ ಸುದ್ದಿ ಒಮ್ಮೆ ಮಾತ್ರ ನನಗೆ ಸಕಾಲಕ್ಕೆ ಸಿಕ್ಕಿತು. ನನಗೆ ಇಪ್ಪತ್ತನಾಲ್ಕು, ಕೆಲಸವಿಲ್ಲ. ಟಿಕೆಟ್ಟಿನ ಬೆಲೆ ನಮ್ಮಲ್ಲಿ ಮೆಣಸಿನಕಾಯಿ ಬಿಡಿಸುವ ಆಳಿನ ಎಷ್ಟೋ ದಿನದ ಕೂಲಿ. ಅಪ್ಪನಿಗೆ ಸಂದರ್ಶನವಿದೆ ಅಂದೆ. ದೊಡ್ಡಪ್ಪನಿಗೆ ಸತ್ಯ ಹೇಳಿದೆ. ಅವನು ಮೆಣಸಿನಕಾಯಿ ಮಾರಿದ ದುಡ್ಡಿನಲ್ಲಿ ಎಣಿಸಿ ಕೊಡುತ್ತ ಒಂದೇ ಪ್ರಶ್ನೆ ಕೇಳಿದ: "ಮೂಲ ಕಲಾವಿದರೇ ಹೌದಲ್ಲ? ಡೂಪ್ಲಿಕೇಟ್ ಕಂಪನಿ ಅಲ್ಲ?"

ಹಂಪಿ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಯಲ್ಲಿ ಬಾಗಿಲ ಬಳಿ ಕೂತು, ಗುಂತಕಲ್ಲಿನಲ್ಲಿ ಕಾಲು ನೀಡಿ, ಬೆಳಿಗ್ಗೆ ಬೆಂಗಳೂರು ಸೇರಿದೆ. ಅರಮನೆ ಮೈದಾನದಲ್ಲಿ ಸಾವಿರಾರು ಕಪ್ಪಂಗಿ. ಬಯಲಿನ ತುಂಬ ಅಷ್ಟು ಕಪ್ಪನ್ನು ನಾನು ಎರೆಹೊಲದಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿರಲಿಲ್ಲ. ಎಲ್ಲರ ಜೀನ್ಸೂ ಮೊಣಕಾಲಿನಲ್ಲಿ ಹರಿದಿತ್ತು. ಜೀನ್ಸ್ ಹೊಲಿಯುವ ಊರಿನಿಂದ ಬಂದವನು ನಾನು, ಒಂದೂ ಎಳೆ ಬಿಚ್ಚದ ಇಸ್ತ್ರಿ ಪ್ಯಾಂಟಿನಲ್ಲಿ ಬ್ಯಾಂಕಿನ ಸಾಲಕ್ಕೆ ಬಂದವನಂತೆ ನಿಂತಿದ್ದೆ. ಮುಂದೆ ನಿಂತಿದ್ದವನ ಹೊಲಿಗೆ ನೋಡಿ, ಇದು ಕೌಲ್ ಬಜಾರಿನದೇ ಇರಬಹುದು ಎಂದು ಸಮಾಧಾನ ಮಾಡಿಕೊಂಡೆ.

ಮೊದಲು ದೆಹಲಿಯ ಪರಿಕ್ರಮ ತಂಡ ನುಡಿಸಿತು, ಮೇಡನ್ ಕಟ್ಟಿದ ಸ್ಟೀವ್ ಹ್ಯಾರಿಸ್‌ನ ಮಗಳು ಲಾರೆನ್ ಹಾಡಿದಳು. ನಮ್ಮಲ್ಲೂ ಹಾಗೇ, ಗಣಸ್ತುತಿ ಮುಗಿಯದೆ ರಾಜ ಬರುವುದಿಲ್ಲ. ಆಮೇಲೆ ಅವರು ಬಂದರು. ಆರೂ ಜನ. ಏನೇನು ನುಡಿಸಿದರು, ಯಾವುದರ ಮೇಲೆ ಯಾವುದು, ನನ್ನನ್ನು ಕೇಳಬೇಡಿ. ಜಾತ್ರೆಯಲ್ಲಿ ತೇರು ಹೊರಟಾಗ ಎಷ್ಟು ಗಾಲಿ ಇತ್ತೆಂದು ಯಾರಾದರೂ ಎಣಿಸುತ್ತಾರೆಯೇ? ಐವತ್ತರ ಆಸುಪಾಸಿನ ಆ ಮನುಷ್ಯರು ಹುಡುಗರ ಹಾಗೆ ಓಡಾಡುತ್ತಿದ್ದರು. ಬ್ರೂಸ್ ಎಲ್ಲಿಂದೆಲ್ಲಿಗೋ ಹಾರುತ್ತಿದ್ದ. ಅವನು ವಿಮಾನ ಹಾರಿಸುವ ಪೈಲಟ್ಟೂ ಹೌದು. ಮರುವರ್ಷ ಇಡೀ ತಂಡವನ್ನೂ ಸಾಮಾನನ್ನೂ ಒಂದು ಬೋಯಿಂಗಿನಲ್ಲಿ ತುಂಬಿಕೊಂಡು ತಾನೇ ಮುಂಬಯಿಗೆ ಬಂದ. ನಮ್ಮೂರ ಅಶ್ವತ್ಥಾಮನೂ ನಾಟಕದ ಸೀನರಿಯನ್ನು ಸ್ವಂತ ಟ್ರ್ಯಾಕ್ಟರಿನಲ್ಲೇ ತರುತ್ತಿದ್ದ, ಇದೇನು ದೊಡ್ಡದಲ್ಲ.

ನಾನು ಕುಣಿಯಲಿಲ್ಲ, ಅಳಲೂ ಇಲ್ಲ. ಮನಸ್ಸಿನಲ್ಲಿ ಇದ್ದದ್ದು ಒಂದೇ: ಇವರು ಜಗಳವಾಡಿದ್ದನ್ನೂ ನಾನು ನೋಡಲಿಲ್ಲ, ಒಂದಾದದ್ದನ್ನೂ ನೋಡಲಿಲ್ಲ. ಎಂಟು ವರ್ಷ ತಡವಾಗಿ ಕೊನೇ ಭಾಗದ ತೂಬಿಗೆ ನೀರು ಬಂದಿದೆ, ಆದರೂ ಬಂದಿದೆ. 'ಫಿಯರ್ ಆಫ್ ದಿ ಡಾರ್ಕ್' ಶುರುವಾದಾಗ ಇಡೀ ಮೈದಾನ ಗಿಟಾರಿನ ರಾಗವನ್ನು ಬಾಯಲ್ಲಿ ಹಾಡತೊಡಗಿತು. ಸಾವಿರಾರು ಗಂಟಲು, ಮಾತಿಲ್ಲದ ರಾಗ. ನನಗೆ ಕೇಳಿದ್ದು ಕಣದಲ್ಲಿ ಗುನುಗುತ್ತಿದ್ದ ಒಂದೇ ಗಂಟಲು. ಹಾಡು ಮುಗಿಯಿತು. ಜನ ಕೂಗಿದರು. ಆ ಕೂಗಿನೊಳಗೆ ನನ್ನ ಕಿವಿ ಹಾರ್ಮೋನಿಯಂಗಾಗಿ ಕಾಯುತ್ತಿತ್ತು. ಇಷ್ಟು ವರ್ಷ ಆ ಹಾಡು ಮುಗಿದ ಮೇಲೆ ಶಕುನಿ ನಗದೇ ಇದ್ದದ್ದು ಅದೇ ಮೊದಲು. ಏನೋ ಕಡಿಮೆಯಾಯಿತು ಅನ್ನಿಸಿತು. ಯಾರಿಗೆ ಹೇಳುವುದು? ಪಕ್ಕದಲ್ಲಿದ್ದವನು ನೆಲ ನೋಡುತ್ತ ಕೂದಲು ಬೀಸುತ್ತಿದ್ದ.

ಹೊರಗೆ ಬಂದು ಮೇಖ್ರಿ ಸರ್ಕಲ್ಲಿನ ಕಡೆ ನಡೆಯುವಾಗ ಕಿವಿಯಲ್ಲಿ ಜೀರುಂಡೆ. ದಾರಿಯ ಅಂಗಡಿಯೊಂದರ ಟಿವಿಯ ಮುಂದೆ ಜನ ತಲೆಯ ಮೇಲೆ ಕೈಹೊತ್ತು ನಿಂತಿದ್ದರು. ವೆಸ್ಟ್ ಇಂಡೀಸಿನಲ್ಲಿ ವಿಶ್ವಕಪ್ಪು, ಬಾಂಗ್ಲಾದೇಶದ ಎದುರು ನಮ್ಮವರು 191ಕ್ಕೆ ಆಲ್‌ಔಟ್. ಒಬ್ಬ ನನ್ನ ಹೊಸ ಕಪ್ಪಂಗಿಯನ್ನು ನೋಡಿ, "ಸರಿಯಾದ ಡ್ರೆಸ್ಸೇ ಹಾಕೊಂಡಿದೀರ" ಅಂದ. ಆ ರಾತ್ರಿ ನಾವು ಸೋತೆವು. ದೇಶಕ್ಕೆ ದೇಶವೇ ಮುಖ ಜೋಲು ಹಾಕಿದ್ದಾಗ ನಗುತ್ತ ನಡೆದ ನನ್ನಂಥ ದ್ರೋಹಿಗಳು ಬೆಂಗಳೂರಿನಲ್ಲಿ ಸಾವಿರಾರು ಜನ ಇದ್ದರು.

ಊರು ಮುಟ್ಟಿದಾಗ ಯುಗಾದಿ. ಎಡ್ಡಿಯನ್ನು ಎದೆಯ ಮೇಲೆ ಹಾಕಿಕೊಂಡೇ ಬೇವುಬೆಲ್ಲಕ್ಕೆ ಕೈ ಚಾಚಿದೆ. "ವರ್ಷದ ಮೊದಲನೇ ದಿನ ಕರೀದು! ಮ್ಯಾಲೆ ಬ್ಯಾತಾಳ ಬ್ಯಾರೆ!" ಅಂತ ಅವ್ವ ಬಟ್ಟಲನ್ನು ಹಿಂದಕ್ಕೆ ಎಳೆದುಕೊಂಡಳು. ದೊಡ್ಡಪ್ಪ ಮಾತ್ರ ಕನ್ನಡಕ ಸರಿಪಡಿಸಿಕೊಂಡು ಹತ್ತಿರ ಬಂದು ಎಡ್ಡಿಯನ್ನು ಪರೀಕ್ಷಿಸಿದ. "ಬಣ್ಣ ಚಲೋ ಬರೆದಾರ. ಆಹೇರಿ ಹೆಂಗಿತ್ತು?"

"ಆಹೇರಿ ಯಾರೂ ಕೂಗಲಿಲ್ಲ ದೊಡ್ಡಪ್ಪ."

"ಒಬ್ಬರೂ? ಆಟ ನಿಲ್ಲಿಸಲೇ ಇಲ್ಲ?" ಅವನಿಗೆ ನಂಬಲಾಗಲಿಲ್ಲ. "ಪುಣ್ಯವಂತರು. ಅದಕ್ಕೇ ಒಟ್ಟಿಗಿದಾರ."

ಆಮೇಲೆ ಯಾರೂ ಇಲ್ಲದಾಗ ಮೆಲ್ಲಗೆ ಕೇಳಿದ. "ಆ ಕತ್ತಲ ಹಾಡು ಹಾಡಿದರೇನು?"

"ಹಾಡಿದರು."

"ಅದು ಮುಗಿದ ಮ್ಯಾಲೆ ಶಕುನಿ ನಗಲಿಲ್ಲೇನು?"

ಅದೊಂದೇ ಮಾತು. ಏಳು ವರ್ಷ ತಡೆದಿಟ್ಟುಕೊಂಡಿದ್ದ. ಹೇಳಿ ಎಲೆಗೆ ಸುಣ್ಣ ಹಚ್ಚಿಕೊಂಡ.

ಈಗ ದೊಡ್ಡಪ್ಪ ಇಲ್ಲ. ಅಶ್ವತ್ಥಾಮನೂ ಇಲ್ಲ, ಶಕುನಿಯೂ ಇಲ್ಲ. ಮೇಡನ್ ತಂಡದ ಡ್ರಮ್ಮಿನ ನಿಕೋ ಕೂಡ 2024ರ ಡಿಸೆಂಬರಿನಲ್ಲಿ ಇನ್ನು ತಿರುಗಾಟ ಸಾಕೆಂದ. ಆ ಸುದ್ದಿ ಮಾತ್ರ ನನಗೆ ಮೊಬೈಲಿನಲ್ಲಿ ಅದೇ ದಿನ ತಲುಪಿತು. ಬೇಗ ತಲುಪಿದ್ದರಿಂದ ದುಃಖವೇನೂ ಹೆಚ್ಚಾಗಲಿಲ್ಲ.

ಅಂಗಿಯ ಜಗಳವಾದ ಮರುದಿನ ಕ್ಯಾಸೆಟ್ಟನ್ನು ಹುಡುಕಿ ತೆಗೆದು, ಬಳ್ಳಾರಿಗೆ ಒಯ್ದು, ಹಳೆಯದನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಕೊಡುವ ಒಬ್ಬ ಹುಡುಗನಿಗೆ ಕೊಟ್ಟೆ. ಎರಡು ದಿನ ಬಿಟ್ಟು ಹೋದೆ. ಹುಡುಗ ಬಹಳ ಚೊಕ್ಕ. "ಸೌಂಡ್ ಎಲ್ಲಾ ಕ್ಲೀನ್ ಮಾಡೀನಿ ಸಾರ್. ಲಾಸ್ಟಿಗೆ ಯಾವುದೋ ಡ್ರಾಮಾದ ಗದ್ದಲ ಬಂದಿತ್ತು, ಅದನ್ನ ಕಟ್ ಮಾಡೀನಿ" ಅಂದ. ನನಗೆ ಬಾಯಿ ಬರಲಿಲ್ಲ. ಯಾವ ಮುಖದಿಂದ ಬೈಯಲಿ? ದುಡ್ಡು ಕೊಟ್ಟು, ಕ್ಯಾಸೆಟ್ಟು ವಾಪಸು ಇಸಿದುಕೊಂಡು ಬಂದೆ.

ಊರಲ್ಲಿ ಈಗ ಟೇಪ್ ರೆಕಾರ್ಡರ್ ಯಾರ ಮನೆಯಲ್ಲಿದೆ? ಕೇಳುತ್ತ ಹೋಗಿ ಹೋಗಿ ಕೊನೆಗೆ ಸಿಕ್ಕಿದ್ದು ಮೈಕ್ ಸೆಟ್ಟಿನವನ ಮನೆಯ ಅಟ್ಟದಲ್ಲಿ. ಐವತ್ತೊಂದು ರೂಪಾಯಿ ಕೂಗಿದವನ ಮಗ ಧೂಳು ಹೊಡೆದು ಕೊಟ್ಟ. ಮನೆಗೆ ತಂದು ಪ್ಲಗ್ಗಿಗೆ ಹಾಕಿದೆ. ಒಳಗಿನ ಬೆಲ್ಟು ಸಡಿಲವಾಗಿರಬೇಕು, ಟೇಪು ನಿಧಾನಕ್ಕೆ ತಿರುಗುತ್ತಿತ್ತು. ಎಳೆದ ಟೇಪಿನಲ್ಲಿ ಬ್ರೂಸ್ ಡಿಕಿನ್‌ಸನ್ನನ ಏರುದನಿ ಇಳಿದು, ದಪ್ಪಗಾಗಿ, ಬೆಳಗಿನ ಜಾವ ನಾಲ್ಕು ಗಂಟೆಗೆ ಗಂಟಲು ಕಟ್ಟಿದ ನಮ್ಮ ಅಶ್ವತ್ಥಾಮನ ದನಿಯಾಗಿಬಿಟ್ಟಿತ್ತು. ನಾನು ಫಾರ್ವರ್ಡ್ ಒತ್ತಲಿಲ್ಲ. ಎಲೆ ಅಡಿಕೆ ಅಭ್ಯಾಸವಿಲ್ಲ, ಸುಮ್ಮನೆ ಕೂತೆ. ಕತ್ತಲ ಹಾಡು ಒಂಬತ್ತು ನಿಮಿಷ ತೆಗೆದುಕೊಂಡಿತು. ಕಟ್. ಹಾರ್ಮೋನಿಯಂ. ಕೆಮ್ಮು. ಕೂಸು. ಆ ಕೆಮ್ಮು ದೊಡ್ಡಪ್ಪನದೇ ಎಂದು ಯಾಕೆ ಇಷ್ಟು ದಿನ ಹೊಳೆದಿರಲಿಲ್ಲ? ಆಮೇಲೆ ಶಕುನಿ, ನಿಧಾನಕ್ಕೆ, ಯಾವ ಅವಸರವೂ ಇಲ್ಲದವನಂತೆ, ಒಂದೊಂದೇ ಮೆಟ್ಟಿಲಿಳಿದ ಹಾಗೆ ನಗತೊಡಗಿದ. ನಗುವಿನ ನಡುವೆಯೇ ಗುಂಡಿ ಟಕ್ಕೆಂದು ಮೇಲೆದ್ದಿತು.

ಅಡುಗೆಮನೆಯಿಂದ ಹೆಂಡತಿ ಕೂಗಿದಳು. "ರೀ, ಅನ್ನ ಇಳಿಸಬೇಕು. ಆ ನಿಮ್ಮ ಬ್ಯಾತಾಳ ಎಲ್ಲಿಟ್ಟೀರಿ?"

ದಿಂಬಿನ ಕೆಳಗಿನಿಂದ ತೆಗೆದು ಒಯ್ದು ಕೊಟ್ಟೆ.